ಬೋಧನಾ ಮಾಧ್ಯಮ: ಕನ್ನಡ

ಅಕ್ಕನ ಮಗಳ ನಾಲ್ಕನೇ ಕ್ಲಾಸಿನ ಟಿಸಿ ಮೊನ್ನೆ ಹಳೇ ಕಡತದಲ್ಲಿ ಸಿಕ್ಕಿತು. ಹುಟ್ಟಿದ ದಿನಾಂಕ, ಜಾತಿ, ನಡತೆ ಎಲ್ಲ ಸರಿಯಾಗಿದೆ. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ 'ಬೋಧನಾ ಮಾಧ್ಯಮ: ಕನ್ನಡ' ಎಂದಿದೆ. ಆ ಹುಡುಗಿ ಆ ಶಾಲೆಯಲ್ಲಿ ಮಗ್ಗಿ ಕಲಿತದ್ದು 'ಟೂ ವನ್ಸ್ ಆರ್ ಟೂ' ಎಂದು. ತೋರಿಸಿದರೆ ಅಕ್ಕ ನಕ್ಕಳು. "ಎಲ್ಲಾ ಮಕ್ಕಳದ್ದೂ ಹಂಗೇ ಬರೀತಿದ್ರು ಕಣೋ. ಇಲ್ದಿದ್ರೆ ಆ ಸ್ಕೂಲಿಗೆ ಪರ್ಮಿಶನ್ನೇ ಇರ್ತಿರಲಿಲ್ವಲ್ಲ!"

ಮಗುವಿಗೆ ಖಾಸಗಿ ಶಾಲೆ ಹುಡುಕುವುದೆಂದರೆ ಇಂದಿಗೂ ಫೀಸು, ವ್ಯಾನು, ಮನೆಯಿಂದ ದೂರ ಇಷ್ಟನ್ನೇ ನೋಡುತ್ತೇವೆ. ಕರ್ನಾಟಕದಲ್ಲಿ ಸುಮಾರು ಎರಡು ದಶಕ ಆ ಹುಡುಕಾಟದ ಜೊತೆಗೆ ಒಂದು ಒಳಒಪ್ಪಂದವೂ ಇತ್ತು. ಆಡಳಿತ ಮಂಡಳಿ ಕಾಗದದಲ್ಲಿ ಒಂದು ಬರೆಯುತ್ತಿತ್ತು, ಕ್ಲಾಸಿನಲ್ಲಿ ಇನ್ನೊಂದನ್ನು ಕಲಿಸುತ್ತಿತ್ತು. ಅಪ್ಪ ಅಮ್ಮ ಗೊತ್ತಿದ್ದೇ ಫೀಸು ಕಟ್ಟುತ್ತಿದ್ದರು. ಇಲಾಖೆಯವರಿಗೂ ಗೊತ್ತಿರಲಿಲ್ಲ ಎಂದರೆ ನಂಬುವವರು ಯಾರು?

ಖಾಸಗಿ ಶಾಲೆಗಳೇನೂ ನಮಗೆ ಹೊಸವಲ್ಲ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ 1865ರದ್ದು. ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದು 1916ರಲ್ಲಿ, ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾದದ್ದು ಅದರ ಮರುವರ್ಷ. ಆ ಕಥೆಗಳನ್ನೆಲ್ಲ ಹೇಳಹೊರಟರೆ ಈ ಪುಟ ಸಾಲದು. ನನಗೆ ಬೇಕಾಗಿರುವುದು 1994ರ ಏಪ್ರಿಲ್ 29ರ ಒಂದು ಸರ್ಕಾರಿ ಆದೇಶ.

ಅದರ ಹಿಂದೆ ಗೋಕಾಕ್ ಚಳವಳಿಯ ಕಾವಿದೆ. ಆ ಹೋರಾಟ ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಿರಬೇಕು ಎಂಬುದಕ್ಕೆ ನಡೆದದ್ದು. ಪ್ರಾಥಮಿಕ ಶಾಲೆಯ ಮಾಧ್ಯಮದ ಜಗಳ ಅದರ ಬೆನ್ನಿಗೆ ಬಂತು. 1989ರಲ್ಲಿ ಸರ್ಕಾರ ಭಾಷಾ ನೀತಿ ಹೊರಡಿಸಿತು. ಅದರ ವಿರುದ್ಧ ಪೋಷಕರ ಸಂಘವೊಂದು ಸುಪ್ರೀಂ ಕೋರ್ಟಿಗೆ ಹೋಗಿ 1993ರ ಡಿಸೆಂಬರಿನಲ್ಲಿ ಸೋತಿತು. ಆ ಗೆಲುವಿನ ಹುಮ್ಮಸ್ಸಿನಲ್ಲೇ 1994ರ ಆದೇಶ ಬಂತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಪಾಠ ನಡೆಯಬೇಕು. ಮೊದಲೇ ಮಾನ್ಯತೆ ಪಡೆದಿದ್ದ ಇಂಗ್ಲಿಷ್ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾತೃಭಾಷೆಯ ಮಕ್ಕಳಿಗಷ್ಟೇ ಆ ಮಾಧ್ಯಮ.

ಆದರೆ ಬಡಾವಣೆಗಳು ಬೆಳೆಯುತ್ತಿದ್ದ ಕಾಲ ಅದು. ಹೊಸ ಶಾಲೆ ತೆರೆಯುವವರು 'ಕನ್ನಡ ಮಾಧ್ಯಮ' ಎಂದು ಅರ್ಜಿ ಹಾಕಿ ಅನುಮತಿ ತಂದರು. ಹೊರಗೆ 'ಇಂಗ್ಲಿಷ್ ನರ್ಸರಿ ಅಂಡ್ ಪ್ರೈಮರಿ ಸ್ಕೂಲ್' ಎಂದು ಬೋರ್ಡು ಬರೆಸಿದರು.

ಅಂಥದೊಂದು ಶಾಲೆಯಲ್ಲಿ ಟೀಚರಾಗಿದ್ದ ಗೆಳತಿ ಹೇಳುವುದನ್ನು ಕೇಳಬೇಕು. ಸ್ಟಾಫ್ ರೂಮಿನ ಬೀರುವಿನ ಕೆಳಖಾನೆಯಲ್ಲಿ ಕನ್ನಡದ ಗಣಿತ ಮತ್ತು ಪರಿಸರ ಅಧ್ಯಯನ ಪುಸ್ತಕಗಳ ಕಟ್ಟು ಇರುತ್ತಿತ್ತು. ಬಿಇಒ ಕಚೇರಿಯಿಂದ ಯಾರೋ ಬರುತ್ತಾರೆ ಎಂದು ಫೋನು ಬಂದರೆ ಆಯಾ ಆ ಕಟ್ಟನ್ನು ಹೊತ್ತು ಕ್ಲಾಸಿಂದ ಕ್ಲಾಸಿಗೆ ಓಡುತ್ತಿದ್ದಳು. ಇಂಗ್ಲಿಷ್ ಪುಸ್ತಕಗಳು ಬ್ಯಾಗಿನೊಳಗೆ, ಕನ್ನಡದವು ಡೆಸ್ಕಿನ ಮೇಲೆ. ಹಾಳೆ ಮಡಿಸದ, ಹೆಸರು ಬರೆಯದ, ಅಟ್ಟೆ ಹಾಕದ ಹೊಚ್ಚ ಹೊಸ ಪುಸ್ತಕಗಳು, ಅದೂ ಜನವರಿ ತಿಂಗಳಿನಲ್ಲಿ! ಬಂದ ಸಾಹೇಬರು ಪುಟ ತಿರುವಿ, ಮೂಸಿ ನೋಡಿ, "ಮಕ್ಕಳು ಪುಸ್ತಕ ಚೆನ್ನಾಗಿ ಇಟ್ಟುಕೊಂಡಿದ್ದಾರೆ" ಎಂದು ಕಾಫಿ ಕುಡಿದು ಹೊರಟರಂತೆ.

2006ರಲ್ಲಿ ಗಂಟು ಬಿಚ್ಚಿತು. ಆಗ ಶಿಕ್ಷಣ ಸಚಿವರಾಗಿದ್ದ ಬಸವರಾಜ ಹೊರಟ್ಟಿ, ಕನ್ನಡಕ್ಕೆ ಅನುಮತಿ ಪಡೆದು ಇಂಗ್ಲಿಷ್ ಕಲಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಹೊರಟರು. ನಡುವರ್ಷದಲ್ಲಿ ಮಕ್ಕಳನ್ನು ಎಲ್ಲಿ ಸೇರಿಸುವುದು ಎಂದು ಪೋಷಕರು ಬೀದಿಗಿಳಿದರು. ಸಾಹಿತಿಗಳು ಸಚಿವರ ಬೆನ್ನಿಗೆ ನಿಂತರು. ಟಿವಿಯಲ್ಲಿ ವಾರಗಟ್ಟಲೆ ಅದೇ ಚರ್ಚೆ. ಹತ್ತು ಹನ್ನೆರಡು ವರ್ಷದ ಬಹಿರಂಗ ಗುಟ್ಟು ಒಂದು ಬೆಳಿಗ್ಗೆ ಅಪರಾಧವಾಯಿತು. ಮರುವರ್ಷ ಅದೇ ಸರ್ಕಾರ ತನ್ನ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುಮಾಡಿತು.

ನನ್ನ ಸಿಟ್ಟು ಬೇರೆ ಕಡೆಗಿದೆ. ಇಷ್ಟೆಲ್ಲದರಲ್ಲಿ ಪೆಟ್ಟು ತಿಂದದ್ದು ಆದೇಶ ಪಾಲಿಸಿದ ಶಾಲೆಗಳು. ಪ್ರತಿ ಊರಿನಲ್ಲೂ ಒಂದೋ ಎರಡೋ ಇದ್ದವು, ನಿವೃತ್ತ ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು ಹೆಂಚಿನ ಮನೆಯಲ್ಲಿ ನಡೆಸುತ್ತಿದ್ದ ಖಾಸಗಿ ಕನ್ನಡ ಶಾಲೆಗಳು. ಕನ್ನಡ ಎಂದು ಬರೆದುಕೊಟ್ಟರು, ಕನ್ನಡದಲ್ಲೇ ಕಲಿಸಿದರು. ಮುಂದಿನ ಬೀದಿಯವನ ಕೈಯಲ್ಲೂ ಅದೇ ಅನುಮತಿ ಪತ್ರವಿತ್ತು, ಒಳಗೆ ಇಂಗ್ಲಿಷ್ ಇತ್ತು, ಮಕ್ಕಳು ಅಲ್ಲಿಗೆ ಹೋದರು. ನಮ್ಮೂರಿನ ಅಂಥ ಶಾಲೆಯಿದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಯಿದೆ. ಕನ್ನಡ ಉಳಿಸಲು ಬಂದ ಆದೇಶ ಕನ್ನಡದ ಖಾಸಗಿ ಶಾಲೆಗಳನ್ನೇ ಮೊದಲು ಮುಗಿಸಿತು ಎಂದರೆ ತಜ್ಞರು ಒಪ್ಪಲಿಕ್ಕಿಲ್ಲ. ನಾನು ಕಂಡದ್ದು ಮಾತ್ರ ಅದನ್ನೇ.

ನ್ಯಾಯಾಲಯದ ಭಾಗ ಬೇಗ ಹೇಳಿಬಿಡಬಹುದು. 2008ರಲ್ಲಿ ಹೈಕೋರ್ಟಿನ ಪೂರ್ಣ ಪೀಠ ಅನುದಾನರಹಿತ ಶಾಲೆಗಳ ಪರ ತೀರ್ಪು ಕೊಟ್ಟಿತು. ಸರ್ಕಾರ ದೆಹಲಿಗೆ ಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂದು ಆರಿಸುವ ಹಕ್ಕು ವಾಕ್ ಸ್ವಾತಂತ್ರ್ಯದೊಳಗೇ ಬರುತ್ತದೆ, ಮಾತೃಭಾಷೆಯನ್ನು ರಾಜ್ಯ ಹೇರುವಂತಿಲ್ಲ ಎಂದಿತು. ಇಪ್ಪತ್ತು ವರ್ಷದ ಕಣ್ಣಾಮುಚ್ಚಾಲೆ ಅಲ್ಲಿಗೆ ನಿಂತಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು.

ಮಾಧ್ಯಮದ ಸುಳ್ಳು ಬೇಡವಾಯಿತು, ಅದರ ಜಾಗಕ್ಕೆ ಸಿಲಬಸ್ಸಿನ ಸುಳ್ಳು ಬಂತು. ಈಗ ಪೋಷಕರು ಕೇಳುವುದು 'ಸಿಬಿಎಸ್‌ಇನಾ, ಸ್ಟೇಟಾ?' ಎಂದು. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಐದು ಮತ್ತು ಎಂಟನೇ ತರಗತಿಗೆ ಮೌಲ್ಯಾಂಕನ ಪರೀಕ್ಷೆ ಘೋಷಿಸಿತು. ಅದು ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಮಾತ್ರ. ಸಿಬಿಎಸ್‌ಇ ಎಂದು ನಂಬಿ ಲಕ್ಷ ಸುರಿದಿದ್ದ ಬೆಂಗಳೂರಿನ ಕೆಲವರ ಮಕ್ಕಳಿಗೂ ಆ ಪರೀಕ್ಷೆ ಬರೆಯಬೇಕೆಂಬ ಸೂಚನೆ ಬಂತು. ಶಾಲೆಯ ಗೇಟಿನ ಮುಂದೆ ಗಲಾಟೆಯಾಯಿತು. ಅವರ ಮಕ್ಕಳ ಶಾಲೆಗಿದ್ದ ಮಾನ್ಯತೆ ರಾಜ್ಯ ಪಠ್ಯಕ್ರಮದ್ದು.

ಆದ್ದರಿಂದ ಅಡ್ಮಿಶನ್ನಿಗೆ ಹೋಗುವವರು ಮೊದಲು ಮಾನ್ಯತೆ ಪತ್ರದ ಪ್ರತಿಯನ್ನೇ ಕೇಳಿ: ಯಾವ ಪಠ್ಯಕ್ರಮ, ಎಷ್ಟನೇ ತರಗತಿವರೆಗೆ, ನವೀಕರಣ ಆಗಿದೆಯೇ. ಶಾಲೆಯ ಗುರುತಿನ ಸಂಖ್ಯೆಯಾದ ಡೈಸ್ ಕೋಡ್ ಬರೆದುಕೊಂಡು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಪತ್ರ ತೋರಿಸಲು ರಿಸೆಪ್ಷನ್ನಿನವರು ಹಿಂದೆ ಮುಂದೆ ನೋಡಿದರೆ ಸ್ವಿಮ್ಮಿಂಗ್ ಪೂಲ್ ನೋಡಲು ಒಳಗೆ ಹೋಗುವ ಶ್ರಮ ಬೇಡ.