ಮಂಡಿನೋವಿಗೆ ಮನೆಯವರ ಆಸರೆ

ಮೊಣಕಾಲಿನ ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದಿಸಿರುವ ಮೃದ್ವಸ್ಥಿಯು ಸವೆದು, ನೋವು ಮತ್ತು ಬಿಗಿತ ಉಂಟಾಗುವುದೇ ಮಂಡಿಯ ಸಂಧಿವಾತ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 36.5 ಕೋಟಿ ಜನರಿಗೆ ಈ ತೊಂದರೆಯಿತ್ತು. ಇದು ಸ್ತ್ರೀಯರಲ್ಲಿ ಹೆಚ್ಚು.

ಕೆಂಗೇರಿಯ ಸುತ್ತಲಿನ ಹಳ್ಳಿಗಳಲ್ಲಿ ನೆಲದ ಮೇಲೆ ಕುಳಿತು ಉಣ್ಣುವುದು, ಕುಕ್ಕರುಗಾಲಿನಲ್ಲಿ ಹಾಲು ಕರೆಯುವುದು ರೂಢಿ. ಇವು ಕಷ್ಟವಾದಾಗ ರೋಗಿಯು ಮದುವೆ, ಜಾತ್ರೆಗಳನ್ನೂ ಬಿಟ್ಟು ಮೂಲೆ ಸೇರುವುದುಂಟು. ಒಂಟಿತನದಿಂದ ನೋವು ಹೆಚ್ಚೆನಿಸುತ್ತದೆ. ನಡಿಗೆ ನಿಂತರೆ ತೊಡೆಯ ಸ್ನಾಯುಗಳು ಸೊರಗಿ ಮಂಡಿಯು ಮತ್ತಷ್ಟು ದುರ್ಬಲವಾಗುತ್ತದೆ.

ಆದುದರಿಂದ ‘ವಯಸ್ಸಾಯಿತು, ಸಹಿಸಿಕೊ’ ಎಂದು ಪತ್ನಿಗಾಗಲಿ, ತಾಯಿಗಾಗಲಿ ಹೇಳಬಾರದು. ನೀರಿನ ಕೊಡವನ್ನು ಪತಿಯು ಹೊರಲಿ. ಊಟಕ್ಕೆ, ಅಡುಗೆಗೆ ಎತ್ತರದ ಆಸನವಿರಲಿ. ಆದರೆ ಎಲ್ಲ ಕೆಲಸವನ್ನೂ ಬಿಡಿಸಿ ಸುಮ್ಮನೆ ಕೂರಿಸುವುದು ಉಪಕಾರವಲ್ಲ. ದಿನವೂ ಸಮತಟ್ಟಾದ ದಾರಿಯಲ್ಲಿ ಜೊತೆಯಾಗಿ ನಡೆಯಿರಿ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ, 5 ಸೆಕೆಂಡು ಹಿಡಿದು ಇಳಿಸುವ ವ್ಯಾಯಾಮವನ್ನು 10 ಬಾರಿ ಮಾಡಿಸಿರಿ. ಮೈತೂಕ ಹೆಚ್ಚಿದ್ದರೆ ಇಳಿಸಬೇಕು.

ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗುತ್ತಿದ್ದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾದೀತು. ಮಂಡಿಯು ಕೆಂಪಾಗಿ ಊದಿ ಜ್ವರ ಬಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2021ರಿಂದ ಕೆಂಗೇರಿಗೆ ಮೆಟ್ರೊ ರೈಲಿದೆ, ನಿಲ್ದಾಣದಲ್ಲಿ ಲಿಫ್ಟ್ ಇದೆ. ಕೈಹಿಡಿದು ಜೊತೆಗೆ ಬರುವವರೊಬ್ಬರು ಮನೆಯಲ್ಲಿರಬೇಕು.