ವಿಶ್ವ ಚಾಂಪಿಯನ್ ಆಡುವ ಹಾಲ್‌ನಲ್ಲೇ ನಿಮಗೂ ಒಂದು ಬೋರ್ಡು

2025ರ ಫೆಬ್ರುವರಿ 2ರ ಸಂಜೆ ಚೆನ್ನೈನ ಇಬ್ಬರು ಹುಡುಗರು ನೆದರ್ಲೆಂಡ್ಸ್‌ನ ಕಡಲ ದಂಡೆಯ ಹಳ್ಳಿಯೊಂದರಲ್ಲಿ ಎದುರುಬದುರಾಗಿ ಕುಳಿತಿದ್ದರು. ಒಬ್ಬರು ಡಿ. ಗುಕೇಶ್. ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗಿ ಎರಡು ತಿಂಗಳೂ ತುಂಬಿರಲಿಲ್ಲ. ಇನ್ನೊಬ್ಬರು ಆರ್. ಪ್ರಜ್ಞಾನಂದ. ಹದಿಮೂರು ಸುತ್ತು ಮುಗಿದಾಗ ಇಬ್ಬರದ್ದೂ 8.5 ಅಂಕ. ವಿಚಿತ್ರವೆಂದರೆ ಕೊನೆಯ ಸುತ್ತಿನಲ್ಲಿ ಇಬ್ಬರೂ ಸೋತಿದ್ದರು: ಗುಕೇಶ್ ಅರ್ಜುನ್ ಎರಿಗೈಸಿಗೆ, ಪ್ರಜ್ಞಾನಂದ ಜರ್ಮನಿಯ ವಿನ್ಸೆಂಟ್ ಕೈಮರ್‌ಗೆ. ಟೈಬ್ರೇಕ್‌ನ ಮೊದಲ ಅತಿವೇಗದ ಬ್ಲಿಟ್ಜ್ ಆಟ ಗುಕೇಶ್ ಪಾಲಾಯಿತು, ಎರಡನೆಯದು ಪ್ರಜ್ಞಾನಂದ ಪಾಲಾಯಿತು. ಮೂರನೆಯದನ್ನೂ ಗೆದ್ದು ಪ್ರಜ್ಞಾನಂದ ಟಾಟಾ ಸ್ಟೀಲ್ ಚೆಸ್ ಪಂದ್ಯಾವಳಿಯ ಪ್ರಶಸ್ತಿ ಎತ್ತಿಕೊಂಡರು.

ಆ ಹಳ್ಳಿಯ ಹೆಸರು ವೈಕ್ ಆನ್ ಝೀ. ಈ ಗೆಲುವಿನ ಸುದ್ದಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಜೊತೆಗೆ ಬರಬೇಕಿದ್ದ ಇನ್ನೊಂದು ಸಂಗತಿ ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗುಕೇಶ್, ಪ್ರಜ್ಞಾನಂದ ಆಡುವ ಅದೇ ಹಾಲ್‌ನಲ್ಲಿ ಶಾಲಾ ಮಾಸ್ತರರು, ನಿವೃತ್ತ ನೌಕರರು, ಕಾಲೇಜು ವಿದ್ಯಾರ್ಥಿಗಳು ಸಾಲು ಸಾಲು ಮೇಜುಗಳಲ್ಲಿ ಕುಳಿತು ತಮ್ಮ ತಮ್ಮ ಆಟ ಆಡುತ್ತಾರೆ. ಮುಂಭಾಗದ ಎತ್ತರದ ಜಾಗದಲ್ಲಿ ಜಗತ್ತಿನ ಅಗ್ರ ಆಟಗಾರರಲ್ಲಿ ಹದಿನಾಲ್ಕು ಜನ, ಕೆಳಗೆ ನೂರಾರು ಹವ್ಯಾಸಿಗಳು, ಎಲ್ಲರಿಗೂ ಒಂದೇ ಸೂರು.

ವಿಶ್ವ ಚಾಂಪಿಯನ್‌ಷಿಪ್ಪಿನ ಬಾಗಿಲು ಇಷ್ಟು ಅಗಲವಾಗಿಲ್ಲ. ಅಲ್ಲಿಗೆ ತಲುಪಲು ಮೊದಲು ಕ್ಯಾಂಡಿಡೇಟ್ಸ್ ಪಂದ್ಯಾವಳಿ ಗೆಲ್ಲಬೇಕು. ಅದರಲ್ಲಿ ಆಡುವವರು ಎಂಟೇ ಮಂದಿ. ಆ ಎಂಟರೊಳಗೆ ಸೇರಲು ವಿಶ್ವಕಪ್, ಗ್ರ್ಯಾಂಡ್ ಸ್ವಿಸ್‌ನಂಥ ಕಠಿಣ ಪಂದ್ಯಾವಳಿಗಳನ್ನು ದಾಟಿ ಬರಬೇಕು. ಗುಕೇಶ್ 2024ರಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್ ಗೆದ್ದಾಗ ಅವರಿಗೆ ಹದಿನೇಳು ವರ್ಷ. ಉಳಿದವರು ಇಂಥ ಪಂದ್ಯವನ್ನು ಹೊರಗೆ ನಿಂತು ನೋಡಬಹುದು, ಅಷ್ಟೆ. 1995ರಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಕ್ಯಾಸ್ಪರೋವ್ ಮತ್ತು ವಿಶ್ವನಾಥನ್ ಆನಂದ್ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ 107ನೇ ಮಹಡಿಯಲ್ಲಿ ಆಡಿದ್ದು ಶಬ್ದ ನುಸುಳದ ಗಾಜಿನ ಕೋಣೆಯೊಳಗೆ.

ವೈಕ್ ಆನ್ ಝೀ ಬೇರೆಯಾದದ್ದು ಅದರ ಹುಟ್ಟಿನಿಂದ. ಪಕ್ಕದ ಬೇವರ್‌ವೈಕ್ ಪಟ್ಟಣದಲ್ಲಿ 1938ರಲ್ಲಿ ಹೋಗೋವೆನ್ಸ್ ಉಕ್ಕಿನ ಕಾರ್ಖಾನೆಯ ಹೆಸರಿನಲ್ಲಿ ಇದು ಶುರುವಾದಾಗ ಮುಖ್ಯ ಗುಂಪಿನಲ್ಲಿ ಇದ್ದದ್ದು ನಾಲ್ಕೇ ಆಟಗಾರರು, ನಾಲ್ವರೂ ಡಚ್ಚರು. ಯುದ್ಧದ ಕೊನೆಯ ವರ್ಷ 1945ರಲ್ಲಿ ಪಂದ್ಯಾವಳಿ ನಡೆಯಲಿಲ್ಲ. 1946ರಲ್ಲಿ ಮತ್ತೆ ಆರಂಭಿಸಿದಾಗ ಹೊರದೇಶದ ಆಟಗಾರರನ್ನೂ ಕರೆದರು. ಆಹಾರದ ಕೊರತೆ ಇನ್ನೂ ನೀಗಿರಲಿಲ್ಲ. ಹಾಗಾಗಿ ಸಮಾರೋಪದ ಊಟದಲ್ಲಿ ಬಟಾಣಿಯ ಗಟ್ಟಿ ಸೂಪು ಬಡಿಸಿದರು. ಆ ಪದ್ಧತಿ ಇವತ್ತಿಗೂ ನಿಂತಿಲ್ಲ. 1968ರಲ್ಲಿ ಪಂದ್ಯಾವಳಿ ಬೇವರ್‌ವೈಕ್‌ನಿಂದ ಕಡಲ ಕಡೆಗೆ, ವೈಕ್ ಆನ್ ಝೀಗೆ ಬಂತು. ಕಾರ್ಖಾನೆಯ ಒಡೆತನ ಬದಲಾದಂತೆ ಪಂದ್ಯಾವಳಿಯ ಹೆಸರೂ ಬದಲಾಗುತ್ತ ಹೋಯಿತು: 2000ರಲ್ಲಿ ಕೋರಸ್, 2011ರಿಂದ ಟಾಟಾ ಸ್ಟೀಲ್.

ಹಾಗಾದರೆ ಒಬ್ಬ ಸಾಮಾನ್ಯ ಆಟಗಾರ ಇಂಥ ಕಡೆ ಹೆಸರು ಕೊಡುವುದು ಹೇಗೆ?

ಮೊದಲು ಬೇಕಾದದ್ದು ಫಿಡೆ, ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಕೊಡುವ ಗುರುತಿನ ಸಂಖ್ಯೆ. ಭಾರತದ ಆಟಗಾರರು ಅದನ್ನು ಅಖಿಲ ಭಾರತ ಚೆಸ್ ಒಕ್ಕೂಟದ ಮೂಲಕವೇ ಪಡೆಯಬೇಕು. ಆ ಒಕ್ಕೂಟದಲ್ಲಿ ಹೆಸರು ನೋಂದಾಯಿಸಿಕೊಂಡು, ಮಾನ್ಯತೆ ಇರುವ ಪಂದ್ಯಾವಳಿಗಳಲ್ಲಿ ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಇರುವ ಐವರ ಎದುರಾದರೂ ಆಡಿದ ಮೇಲೆ ಹೊಸಬರಿಗೆ ರೇಟಿಂಗ್ ಸಿಗುತ್ತದೆ. 2024ರ ಮಾರ್ಚ್‌ನಿಂದ ಫಿಡೆ ರೇಟಿಂಗ್ ಪಟ್ಟಿಯ ತಳಮಟ್ಟ 1400. ತನಗಿಂತ ಬಲಶಾಲಿಯನ್ನು ಸೋಲಿಸಿದರೆ ರೇಟಿಂಗ್ ಹೆಚ್ಚು ಏರುತ್ತದೆ, ದುರ್ಬಲನೆದುರು ಸೋತರೆ ಹೆಚ್ಚು ಇಳಿಯುತ್ತದೆ. ಕ್ಲಬ್ಬಿನ ಒಳ್ಳೆಯ ಆಟಗಾರರು ಎರಡು ಸಾವಿರದ ಆಸುಪಾಸಿನಲ್ಲಿರುತ್ತಾರೆ. ವೈಕ್ ಆನ್ ಝೀಯ ಮುಖ್ಯ ಗುಂಪಿಗೆ ಆಹ್ವಾನ ಬರುವವರದ್ದು ಸಾಮಾನ್ಯವಾಗಿ 2650ರ ಮೇಲೆ.

ಹವ್ಯಾಸಿಗಳ ನೋಂದಣಿ, ಪಂದ್ಯಾವಳಿ ನಡೆಯುವ ಜನವರಿಗೆ ಕೆಲವು ತಿಂಗಳು ಮುಂಚೆಯೇ ತೆರೆಯುತ್ತದೆ. ಹೆಸರು ಕೊಟ್ಟವರನ್ನೆಲ್ಲ ರೇಟಿಂಗ್‌ಗೆ ತಕ್ಕಂತೆ ವಿಂಗಡಿಸಿ ಹತ್ತು ಹತ್ತು ಜನರ ಗುಂಪು ಮಾಡುತ್ತಾರೆ. ಗುಂಪಿನ ಪ್ರತಿಯೊಬ್ಬರೂ ಉಳಿದ ಒಂಬತ್ತು ಮಂದಿಯೊಡನೆ ಒಂದೊಂದು ಆಟ ಆಡಬೇಕು. ಅಷ್ಟು ದಿನ ರಜೆ ಸಿಗದವರಿಗೆ ನಾಲ್ಕೇ ಜನರ ಸಣ್ಣ ಗುಂಪುಗಳೂ ಇವೆ.

ಈ ಏರ್ಪಾಡಿನ ಸೊಗಸು ಭಾರತದ ದೊಡ್ಡ ಓಪನ್ ಪಂದ್ಯಾವಳಿಗಳಲ್ಲಿ ಆಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಸ್ವಿಸ್ ಪದ್ಧತಿ: ನೂರಾರು ಜನ ಒಂದೇ ಗುಂಪಿನಲ್ಲಿರುತ್ತಾರೆ, ಪ್ರತಿ ಸುತ್ತಿನಲ್ಲಿ ಸಮ ಅಂಕದವರನ್ನು ಜೋಡಿ ಮಾಡುತ್ತಾರೆ. ಮೊದಲ ಸುತ್ತಿನಲ್ಲೇ ಹೊಸ ಹುಡುಗನೊಬ್ಬ ಗ್ರ್ಯಾಂಡ್‌ಮಾಸ್ಟರ್ ಎದುರು ಬಿದ್ದು ಇಪ್ಪತ್ತೈದು ನಡೆಗಳಲ್ಲಿ ಎದ್ದು ಬರುವುದೂ ಉಂಟು. ವೈಕ್ ಆನ್ ಝೀಯ ಹತ್ತರ ಗುಂಪಿನಲ್ಲಿ ಎದುರಾಳಿ ಹೆಚ್ಚುಕಡಿಮೆ ಸರಿಸಮ. ಯಾವ ಆಟವೂ ಸುಲಭವಿಲ್ಲ, ಯಾವ ಆಟವೂ ಕೈಮೀರಿದ್ದಲ್ಲ. ನಾಳೆ ಯಾರೊಡನೆ ಆಟ ಎಂಬುದೂ ಮೊದಲೇ ಗೊತ್ತಿರುತ್ತದೆ, ತಯಾರಿ ಮಾಡಿಕೊಳ್ಳಬಹುದು. ಹವ್ಯಾಸಿಗೆ ಇದಕ್ಕಿಂತ ನ್ಯಾಯವಾದ ಕ್ರಮ ಇನ್ನೊಂದಿಲ್ಲ ಎನ್ನಬೇಕು.

ಈ ಗುಂಪುಗಳ ಮೇಲೆ ಚಾಲೆಂಜರ್ಸ್ ಇದೆ, ಅದರ ಮೇಲೆ ಮಾಸ್ಟರ್ಸ್. ಚಾಲೆಂಜರ್ಸ್ ಗೆದ್ದವರಿಗೆ ಮರುವರ್ಷ ಮಾಸ್ಟರ್ಸ್‌ನಲ್ಲಿ ಜಾಗ. ಈ ಏಣಿ ಎಷ್ಟು ಗಟ್ಟಿ ಎಂಬುದಕ್ಕೆ ಮ್ಯಾಗ್ನಸ್ ಕಾರ್ಲ್‌ಸನ್ ಸಾಕ್ಷಿ. 2004ರಲ್ಲಿ ಇಲ್ಲಿ ‘ಸಿ’ ಗುಂಪು ಎಂಬುದೊಂದಿತ್ತು. ಹದಿಮೂರು ವರ್ಷದ ಕಾರ್ಲ್‌ಸನ್ ಅದರಲ್ಲಿ 13ಕ್ಕೆ 10.5 ಅಂಕ ಗಳಿಸಿ ಗೆದ್ದರು, ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಮೊದಲ ನಾರ್ಮ್ ಕೂಡ ಅಲ್ಲೇ ಸಿಕ್ಕಿತು. ಎರಡು ವರ್ಷದ ಮೇಲೆ ‘ಬಿ’ ಗುಂಪಿನ ಅಗ್ರಸ್ಥಾನ ಹಂಚಿಕೊಂಡರು, 2007ರಲ್ಲಿ ಮೇಲಿನ ಗುಂಪಿಗೆ ಬಂದರು, 2008ರಲ್ಲಿ ಅಲ್ಲೂ ಅರೋನಿಯನ್ ಜೊತೆ ಮೊದಲ ಸ್ಥಾನ. ಇಲ್ಲಿ ಎಂಟು ಸಲ ಪ್ರಶಸ್ತಿ ಗೆದ್ದವರು ಅವರೊಬ್ಬರೇ. ಐದು ಸಲ ಗೆದ್ದ ಆನಂದ್ ಅವರ ನಂತರದ ಸ್ಥಾನದಲ್ಲಿದ್ದಾರೆ.

ಭಾರತೀಯರು ಈ ಏಣಿಯನ್ನು ಬಳಸಿಕೊಂಡ ಬಗೆಯೂ ಹೆಮ್ಮೆಪಡುವಂಥದ್ದು. ಎರಡನೆಯ ಗುಂಪನ್ನು (ಮೊದಲು ‘ಬಿ’, ಈಗ ಚಾಲೆಂಜರ್ಸ್) 2012ರಲ್ಲಿ ಪಿ. ಹರಿಕೃಷ್ಣ ಗೆದ್ದರು. 2016ರಲ್ಲಿ ಬಿ. ಅಧಿಬನ್, 2018ರಲ್ಲಿ ವಿದಿತ್ ಗುಜರಾತಿ, 2022ರಲ್ಲಿ ಅರ್ಜುನ್ ಎರಿಗೈಸಿ, 2024ರಲ್ಲಿ ಗೋವಾದ ಲಿಯಾನ್ ಮೆಂಡೋನ್ಸಾ. ಅಧಿಬನ್ ಮರುವರ್ಷ ಮಾಸ್ಟರ್ಸ್‌ನಲ್ಲಿ ಕೊನೆಯವರಾಗುತ್ತಾರೆಂದು ಅನೇಕರು ಎಣಿಸಿದ್ದರು. ಅವರು ಮೂರನೆಯ ಸ್ಥಾನ ಹಂಚಿಕೊಂಡು ಬಂದರು.

ಮೇಜಿನ ಮುಂದೆ ಕುಳಿತ ಮೇಲೆ ನಿಯಮ ಎಲ್ಲರಿಗೂ ಒಂದೇ. ಮುಟ್ಟಿದ ಕಾಯನ್ನು ನಡೆಸಲೇಬೇಕು. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಮೊಬೈಲ್ ವಿಷಯದಲ್ಲಂತೂ ದಾಕ್ಷಿಣ್ಯವೇ ಇಲ್ಲ, ಆಟದ ನಡುವೆ ಜೇಬಿನಲ್ಲಿ ಫೋನ್ ಸಿಕ್ಕರೆ ಆ ಆಟ ಸೋತಂತೆ. ಈ ಬಿಗಿಗೆ ಕಾರಣವಿದೆ. ಇವತ್ತು ಸಾಧಾರಣ ಫೋನಿನಲ್ಲಿರುವ ಚೆಸ್ ಪ್ರೋಗ್ರಾಂ ಕೂಡ ವಿಶ್ವ ಚಾಂಪಿಯನ್‌ನನ್ನು ಸೋಲಿಸಬಲ್ಲದು. 2019ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಇಗೊರ್ಸ್ ರೌಸಿಸ್ ಎಂಬ ಗ್ರ್ಯಾಂಡ್‌ಮಾಸ್ಟರ್ ಶೌಚಾಲಯದಲ್ಲಿ ಫೋನ್ ಬಳಸಿ ಸಿಕ್ಕಿಬಿದ್ದರು. ಪದವಿಯೂ ಹೋಯಿತು, ಆರು ವರ್ಷ ನಿಷೇಧವೂ ಆಯಿತು. ದೊಡ್ಡ ಪಂದ್ಯಾವಳಿಗಳ ಬಾಗಿಲಲ್ಲಿ ಲೋಹ ಪತ್ತೆ ಯಂತ್ರ ಹಿಡಿದು ನಿಂತವರನ್ನು ಕಂಡು ಬೇಸರಪಡಬೇಕಿಲ್ಲ.

ಆಡದೆ ಬರೀ ನೋಡಲು ಹೋಗುವವರಿಗೂ ಜಾಗವಿದೆ. ಆಮ್ಸ್‌ಟರ್‌ಡ್ಯಾಮ್ ಕಡೆಯಿಂದ ಬೇವರ್‌ವೈಕ್‌ಗೆ ರೈಲು, ಅಲ್ಲಿಂದ ಬಸ್ಸು. ಹಳ್ಳಿಯ ಸಮುದಾಯ ಭವನ ಡಿ ಮೋರಿಯಾನ್‌ನಲ್ಲಿ ಆಟ. ಹಾಲ್‌ನೊಳಗೆ ಪಿಸುಮಾತೂ ಆಗದು. ಹೊರಗೆ ಗ್ರ್ಯಾಂಡ್‌ಮಾಸ್ಟರ್‌ಗಳು ಪ್ರತಿ ನಡೆಯನ್ನೂ ಬಿಡಿಸಿ ಹೇಳುವ ವೀಕ್ಷಕ ವಿವರಣೆ ಇರುತ್ತದೆ. ಚೆಸ್ ಅಷ್ಟಾಗಿ ಬಾರದವರು ಮೊದಲು ಅಲ್ಲಿ ಒಂದಿಷ್ಟು ಹೊತ್ತು ಕೂತು, ಆಮೇಲೆ ಹಾಲ್‌ಗೆ ಬರುವುದು ಒಳ್ಳೆಯದು. ಯಾರ ಮುಖ ಏಕೆ ಬಿಗಿದಿದೆ, ಯಾರು ಏಕೆ ಎದ್ದು ಅತ್ತಿತ್ತ ಓಡಾಡುತ್ತಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ಕಣ್ಣೆದುರು ಏನು ನಡೆದೀತು ಎಂದು ಮೊದಲೇ ಹೇಳಲು ಬರುವುದಿಲ್ಲ. 1999ರ ಜನವರಿ 20ರಂದು ಇಲ್ಲಿ ಕ್ಯಾಸ್ಪರೋವ್ ಟೊಪಾಲೋವ್ ಎದುರು 24ನೇ ನಡೆಯಲ್ಲಿ ಆನೆಯನ್ನು ಬಲಿಕೊಟ್ಟು, ಎದುರಾಳಿಯ ರಾಜನನ್ನು ಬೋರ್ಡಿನ ಆ ಬದಿಯಿಂದ ಈ ಬದಿಯವರೆಗೆ ಅಟ್ಟಿಕೊಂಡು ಬಂದರು. ಚೆಸ್ ಇತಿಹಾಸದ ಅತ್ಯುತ್ತಮ ಆಟ ಯಾವುದೆಂಬ ಚರ್ಚೆಯಲ್ಲಿ ಅದರ ಹೆಸರು ಬಾರದೆ ಇರುವುದಿಲ್ಲ. 2013ರಲ್ಲಿ ಇದೇ ಹಾಲ್‌ನಲ್ಲಿ ಆನಂದ್ ಕಪ್ಪು ಕಾಯಿಗಳಿಂದ ಅರೋನಿಯನ್‌ರನ್ನು 23 ನಡೆಗಳಲ್ಲಿ ಕೆಡವಿದರು. 1907ರಲ್ಲಿ ರುಬಿನ್‌ಸ್ಟೈನ್ ಗೆದ್ದ ಪ್ರಸಿದ್ಧ ಆಟದ ಛಾಯೆ ಅದರಲ್ಲಿತ್ತು. ಇಂಥ ದಿನ ಪಕ್ಕದ ಮೇಜಿನಲ್ಲಿ ತನ್ನ ಕಾಲಾಳನ್ನು ಒಂದು ಮನೆ ಮುಂದಿಡಲೋ ಬೇಡವೋ ಎಂದು ಯೋಚಿಸುತ್ತಿದ್ದ ಹವ್ಯಾಸಿಯ ಅದೃಷ್ಟವನ್ನು ನೆನೆದರೆ ಯಾರಿಗೂ ಆಸೆಯಾಗುತ್ತದೆ.

ಇಲ್ಲಿ ಎಲ್ಲವೂ ಚೆಂದ ಎಂದೇನಿಲ್ಲ. ಹಳ್ಳಿಯ ಬೆನ್ನಿಗೇ ಉಕ್ಕಿನ ಕಾರ್ಖಾನೆಯಿದೆ. ಅದರ ದೂಳು, ಗಾಳಿಯ ಮಾಲಿನ್ಯದ ಬಗ್ಗೆ ಊರಿನವರ ದೂರು ಹಳೆಯದು, ಗಂಭೀರವಾದದ್ದು. ಪಂದ್ಯಾವಳಿಯನ್ನು ಪೋಷಿಸುವ ಕಾರ್ಖಾನೆಯೇ ಊರಿನ ಆತಂಕಕ್ಕೂ ಕಾರಣ ಎಂಬುದನ್ನು ಅಲ್ಲಿಗೆ ಹೋಗುವವರು ತಿಳಿದಿರಬೇಕು. ನಮ್ಮವರಿಗೆ ಖರ್ಚಿನ ಭಾರವೂ ಇದೆ: ಷೆಂಗೆನ್ ವೀಸಾ, ವಿಮಾನ, ವಸತಿ ಎಲ್ಲ ಕೈಯಿಂದಲೇ. ಹಳ್ಳಿಯ ಹೋಟೆಲುಗಳು ಬೇಗ ತುಂಬುತ್ತವೆ. ನೋಂದಣಿ ಖಚಿತವಾದ ಕೂಡಲೇ ಕೋಣೆ ಹಿಡಿದು, ವೀಸಾ ಅರ್ಜಿಗೆ ಸಂಘಟಕರಿಂದ ಪತ್ರ ಕೇಳಿಕೊಳ್ಳುವುದು ಜಾಣತನ.

ಕೊರೊನಾದ 2021 ಮತ್ತು 2022ರಲ್ಲಿ ಹವ್ಯಾಸಿಗಳ ಗುಂಪುಗಳೇ ಇರಲಿಲ್ಲ. 2021ರಲ್ಲಿ ಯೋರ್ಡನ್ ವಾನ್ ಫೊರೀಸ್ಟ್ ತಮ್ಮದೇ ದೇಶದ ಅನೀಶ್ ಗಿರಿಯನ್ನು ಟೈಬ್ರೇಕ್‌ನಲ್ಲಿ ಸೋಲಿಸಿ ಗೆದ್ದರು. 1985ರಲ್ಲಿ ಯಾನ್ ಟಿಮ್ಮನ್ ಗೆದ್ದ ಮೇಲೆ ಡಚ್ಚರೊಬ್ಬರಿಗೆ ಈ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ತಮ್ಮವನೊಬ್ಬ 36 ವರ್ಷಗಳ ಬಳಿಕ ಗೆದ್ದಾಗ ಎದ್ದು ಚಪ್ಪಾಳೆ ತಟ್ಟಬೇಕಿದ್ದ ನೂರಾರು ಕ್ಲಬ್ ಆಟಗಾರರು ಹಾಲ್‌ನಲ್ಲಿರಲಿಲ್ಲ. ದೊಡ್ಡ ಪಂದ್ಯಾವಳಿಗಳೆಲ್ಲ ಟಿವಿ, ಇಂಟರ್‌ನೆಟ್ ಪ್ರೇಕ್ಷಕರ ಕಡೆಗೇ ವಾಲುತ್ತಿರುವ ಈ ಕಾಲದಲ್ಲಿ ಆ ಎರಡು ವರ್ಷಗಳನ್ನು ಸಂಘಟಕರು ನೆನಪಿಡಬೇಕು.

ಕರ್ನಾಟಕದ ಆಟಗಾರರಿಗೆ ಹೊರದೇಶದ ಪಂದ್ಯಾವಳಿ ಹೊಸತೇನಲ್ಲ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಜೊತೆಗೆ ಮೂರು ನಾರ್ಮ್ ಬೇಕು. ಪ್ರತಿ ನಾರ್ಮ್‌ಗೂ 2600ರ ಮಟ್ಟದ ಆಟ ತೋರಬೇಕು, ಸಾಮಾನ್ಯವಾಗಿ ಎದುರಾಳಿಗಳಲ್ಲಿ ಬೇರೆ ದೇಶದವರೂ ಇರಬೇಕು. ರೈಲ್ವೆ ನೌಕರರಾದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಈ ದಾರಿ ಸವೆಸಿ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರ ಹಿಂದೆ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಬಂದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರುಮೇನಿಯಾದ ಮಮಾಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ಆಡುತ್ತಿರುವಾಗಲೇ 2500 ದಾಟಿದರು, ಪದವಿಯ ಜೊತೆಗೆ ಆ ಪ್ರಶಸ್ತಿಯನ್ನೂ ಗೆದ್ದು ಊರಿಗೆ ಮರಳಿದರು.