ಪದರಗಳ ನಡುವಿನ ಗಾಳಿ: ಮಿಲಿಟರಿ ಸ್ಲೀಪಿಂಗ್ ಬ್ಯಾಗನ್ನು ಆರಿಸುವ, ಹೊದೆಯುವ ಬಗೆ

ಆನೇಕಲ್ ತಾಲ್ಲೂಕಿನ ಅತ್ತಿಬೆಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತವೆ. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆಯೆಂದು ಉಳಿದಿರುವ 7.8 ಡಿಗ್ರಿಯೂ 1884ರ ಜನವರಿಯಷ್ಟು ಹಳೆಯದು. ಇಂಥ ಹವೆಗೆ ಒಗ್ಗಿದ ಮೈ, ಕಾರ್ಖಾನೆಯ ಶಿಫ್ಟು ಮುಗಿಸಿಯೋ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ರಜೆ ಹಾಕಿಯೋ ಹೊರಟು, ನಾಲ್ಕೈದು ದಿನಗಳೊಳಗೆ ಉತ್ತರಾಖಂಡದ ಕೇದಾರಕಂಠದ ಹಿಮದ ನಡುವೆ ಡೇರೆಯಲ್ಲಿ ಮಲಗಬೇಕಾಗಿ ಬಂದಾಗ, ಯಾವ ಸ್ಲೀಪಿಂಗ್ ಬ್ಯಾಗ್ ಒಯ್ಯಬೇಕೆಂಬ ಪ್ರಶ್ನೆ ನಿದ್ದೆಯದಷ್ಟೇ ಅಲ್ಲದೆ ಆರೋಗ್ಯದ ಪ್ರಶ್ನೆಯೂ ಆಗುತ್ತದೆ.

ಎತ್ತರ ಒಂದು ಸಾವಿರ ಮೀಟರ್ ಹೆಚ್ಚಿದಂತೆಲ್ಲ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಈ ಲೆಕ್ಕದಲ್ಲಿ, ಕರ್ನಾಟಕದ ಅತಿ ಎತ್ತರದ ಶಿಖರವಾದ, 1,930 ಮೀಟರಿನ ಮುಳ್ಳಯ್ಯನಗಿರಿಯ ಮೇಲಿನ ರಾತ್ರಿ ಅತ್ತಿಬೆಲೆಯ ರಾತ್ರಿಗಿಂತ ಆರೇಳು ಡಿಗ್ರಿ ತಂಪಾಗಿದ್ದರೆ, 3,800 ಮೀಟರಿನ ಕೇದಾರಕಂಠದ ತುದಿ ಬರೀ ಎತ್ತರದ ಕಾರಣಕ್ಕೇ ಹತ್ತೊಂಬತ್ತು ಡಿಗ್ರಿಯಷ್ಟು ತಣ್ಣಗಿರಬೇಕು. ಉತ್ತರದ ಚಳಿಗಾಲ, ಹಿಮ, ಗಾಳಿ ಇವು ಕೂಡಿಕೊಂಡರೆ ಅದು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಒಂದೇ ದಪ್ಪದ ಚೀಲ ಈ ಎರಡೂ ಕಡೆ ಒದಗದು. ಕೇದಾರಕಂಠಕ್ಕೆ ಸರಿಯಾದದ್ದನ್ನು ಚಿಕ್ಕಮಗಳೂರಿನ ಬೆಟ್ಟದಲ್ಲಿ ಹೊದ್ದವರು ನಡುರಾತ್ರಿಯಲ್ಲಿ ಬೆವೆತು ಜಿಪ್ ಬಿಚ್ಚಿ ಕೂರುತ್ತಾರೆ.

ಸೈನ್ಯಗಳು ಈ ತೊಡಕನ್ನು ಬಿಡಿಸಿಕೊಂಡದ್ದು ಚೀಲವನ್ನೇ ಭಾಗಗಳಾಗಿ ಒಡೆಯುವುದರ ಮೂಲಕ. ಬೇರೆ ದೇಶಗಳ ಮಿಲಿಟರಿ ಸರಕಿನ ಪೈಕಿ ಚಾರಣಿಗರಿಗೆ ಹೆಚ್ಚು ಪರಿಚಿತವಾದ, ಅಮೆರಿಕದ ಸೈನ್ಯ ಬಳಸಿದ ‘ಮಾಡ್ಯುಲರ್ ಸ್ಲೀಪ್ ಸಿಸ್ಟಂ’ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಪಟ್ರೋಲ್ (ಗಸ್ತು) ಬ್ಯಾಗ್ ಎನ್ನುವ ತೆಳ್ಳನೆಯ ಹಸಿರು ಚೀಲ, ಇಂಟರ್‌ಮೀಡಿಯೇಟ್ ಎನ್ನುವ ದಪ್ಪನೆಯ ಕಪ್ಪು ಚೀಲ, ಇವೆರಡರ ಮೇಲೆ ಬಿವಿ ಎಂದು ಕರೆಯಲಾಗುವ ಗೋರ್‌ಟೆಕ್ಸ್ ಹೊರಕವಚ ಇರುತ್ತವೆ. ಗೋರ್‌ಟೆಕ್ಸ್ ಎಂದರೆ ಬೆವರಿನ ಆವಿಯನ್ನು ಹೊರಬಿಟ್ಟು ಮಳೆಯ ಹನಿಯನ್ನು ಒಳಬಿಡದಷ್ಟು ಸಣ್ಣ ರಂಧ್ರಗಳ ಪೊರೆಯುಳ್ಳ ಬಟ್ಟೆ. ಹಸಿರು ಚೀಲಕ್ಕೆ ಸೊನ್ನೆಯ ಸಮೀಪದ, ಕಪ್ಪು ಚೀಲಕ್ಕೆ ಮೈನಸ್ 23 ಡಿಗ್ರಿಯ, ಮೂರನ್ನೂ ಕೂಡಿಸಿದರೆ ಮೈನಸ್ 34 ಡಿಗ್ರಿಯ ಮಿತಿಯನ್ನು ಸೈನ್ಯ ಹೇಳುತ್ತದೆ. ಇಡೀ ಕಟ್ಟು ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ, ಬೆನ್ನಿಗೆ ಇದು ಸಣ್ಣ ಹೊರೆಯಲ್ಲ. ಭಾರತದಲ್ಲಿಯೂ, 1984ರ ಏಪ್ರಿಲ್‌ನಿಂದ ಸಿಯಾಚಿನ್‌ನಲ್ಲಿ ಸೈನ್ಯ ನೆಲೆನಿಂತ ಬಳಿಕ ಹಿಮಪ್ರದೇಶದ ಉಡುಪು, ಹಾಸು ಹೊದಿಕೆಗಳ ಬಹುಪಾಲು ಬಹುಕಾಲ ಆಮದಾಗುತ್ತಿತ್ತು. 2021ರ ಡಿಸೆಂಬರಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಐದು ಭಾರತೀಯ ಕಂಪನಿಗಳಿಗೆ ಹಸ್ತಾಂತರಿಸಿದ ಚಳಿಯುಡುಪಿನ ತಂತ್ರಜ್ಞಾನವೂ ಮೂರು ಪದರಗಳದ್ದೇ, ಪದರಗಳನ್ನು ಕೂಡಿಸಿ ಕಳೆದು 15ರಿಂದ ಮೈನಸ್ 50 ಡಿಗ್ರಿಯವರೆಗೆ ಹೊಂದಿಸಿಕೊಳ್ಳುವಂಥದ್ದು.

ಚೀಲದ ಮೇಲಿನ ಅಂಕಿಯನ್ನು ಓದುವುದರಲ್ಲಿಯೇ ಅನೇಕರು ಎಡವುತ್ತಾರೆ. ಅಮೆರಿಕದ ಚೀಟಿಯಲ್ಲಿರುವುದು ಫ್ಯಾರನ್‌ಹೀಟ್. ಅಲ್ಲಿ 30 ಎಂದಿದ್ದರೆ ಅದು ಮೈನಸ್ ಒಂದು ಸೆಲ್ಸಿಯಸ್, ಮೈನಸ್ 10 ಎಂದಿದ್ದರೆ ಮೈನಸ್ 23 ಸೆಲ್ಸಿಯಸ್. ಇದಲ್ಲದೆ ಸೈನ್ಯದ ಅಂಕಿ, ಥರ್ಮಲ್ ಒಳಉಡುಪು ತೊಟ್ಟ ಗಟ್ಟಿಮುಟ್ಟಾದ ಯುವಕ ರಾತ್ರಿಯನ್ನು ಹೇಗೋ ಕಳೆಯಬಲ್ಲ ಮಿತಿಯನ್ನು ಹೇಳುತ್ತದೆಯೇ ಹೊರತು ಸುಖನಿದ್ದೆಯನ್ನಲ್ಲ. ನಾಗರಿಕ ಬಳಕೆಯ ಚೀಲಗಳಿಗೆ 2002ರಲ್ಲಿ ಯುರೋಪಿನಲ್ಲಿ ರೂಪುಗೊಂಡು ಆಮೇಲೆ ಅಂತರರಾಷ್ಟ್ರೀಯ ಮಾನದಂಡವಾಗಿ ಬೆಳೆದ ಪದ್ಧತಿಯಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಆರಾಮವಾಗಿ ಮಲಗುವ ಉಷ್ಣಾಂಶ, ಎರಡನೆಯದು ಮುದುಡಿಕೊಂಡು ಮಲಗಿ ತಡೆಯಬಹುದಾದದ್ದು, ಮೂರನೆಯದು ಜೀವ ಉಳಿದೀತು ಎನ್ನುವಷ್ಟರದು. ದಕ್ಷಿಣದ ಹವೆಯಲ್ಲಿ ಬೆಳೆದವರು ಮೊದಲನೆಯ ಅಂಕಿಯನ್ನು ಮಾತ್ರ ನೋಡುವುದು ಲೇಸು, ಮಿಲಿಟರಿ ಚೀಲವಾದರೆ ಚೀಟಿಯ ಅಂಕಿಗಿಂತ ಹತ್ತು ಡಿಗ್ರಿಯಾದರೂ ಮೇಲೆ ನಿಲ್ಲುವುದು ಜಾಣತನ.

ಬೆಂಗಳೂರಿನ ಕಡೆ ‘ಮಿಲಿಟರಿ’ ಎಂಬ ಮಾತು ಹೋಟೆಲಿನಿಂದ ಹಿಡಿದು ಪ್ಯಾಂಟಿನವರೆಗೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಮಿಲಿಟರಿ ಹೋಟೆಲಿಗೂ ಸೈನ್ಯಕ್ಕೂ ಈಗ ಎಷ್ಟು ನಂಟಿದೆಯೋ, ರಸ್ತೆಬದಿಯಲ್ಲಿ ಮಿಲಿಟರಿ ಮಾಲೆಂದು ಮಾರಾಟವಾಗುವ ಅನೇಕ ಹಸಿರು ಚೀಲಗಳಿಗೂ ಅಷ್ಟೇ ನಂಟಿರುತ್ತದೆ. ಸೈನ್ಯಕ್ಕೆ ಬೇಡವಾದ ಸರಕು ಹರಾಜಿನ ಮೂಲಕ ವ್ಯಾಪಾರಿಗಳ ಕೈ ಸೇರುವುದುಂಟಾದರೂ, ಬಣ್ಣ ನೋಡಿ ಗುಣವನ್ನು ನಂಬುವಂತಿಲ್ಲ. ಇನ್ನು, ಸೈನಿಕನೆಂದು ಬೇರೆಯವರು ನಂಬಲಿ ಎಂಬ ಉದ್ದೇಶದಿಂದ ಸೇನೆಯ ಉಡುಪು ತೊಡುವುದು ಕಾನೂನಿನ ಪ್ರಕಾರ ಅಪರಾಧ; ಚೀಲಕ್ಕೆ ಆ ಮಾತು ತಗುಲದಿದ್ದರೂ, ಅದರ ಜೊತೆಗೆ ಕೊಳ್ಳಬೇಕೆನಿಸುವ ಯುದ್ಧ ಜಾಕೆಟ್ಟನ್ನು ಗಡಿಜಿಲ್ಲೆಗಳಿಗೆ ಒಯ್ಯದಿರುವುದೇ ಕ್ಷೇಮ.

ಹಳೆಯ ಚೀಲವನ್ನು ಅಂಗಡಿಯಲ್ಲಿಯೇ ಪೂರ್ತಿ ಬಿಚ್ಚಿ, ಕೊಡವಿ, ಹತ್ತು ನಿಮಿಷ ಹಾಗೇ ಹರಡಿ ಬಿಡಬೇಕು. ಅಷ್ಟರಲ್ಲಿ ಅದು ಉಬ್ಬಿಕೊಳ್ಳದೆ ಕಂಬಳಿಯಂತೆ ಚಪ್ಪಟೆಯಾಗಿಯೇ ಬಿದ್ದಿದ್ದರೆ ಒಳಗಿನ ನಾರು ಸತ್ತಿದೆಯೆಂದೇ ಅರ್ಥ. ಬಳಿಕ ಅದನ್ನು ಬೆಳಕಿಗೆ ಹಿಡಿದು, ತುಂಬಣಿಯೆಲ್ಲ ಒಂದು ಕಡೆ ಗಂಟುಗಟ್ಟಿ ಇನ್ನೊಂದು ಕಡೆ ಬರೀ ಬಟ್ಟೆ ಉಳಿದಿದೆಯೇ ಎಂದು ನೋಡಬೇಕು. ಜಿಪ್ಪನ್ನು ಒಳಗೆ ಮಲಗಿ ಒಂದೇ ಕೈಯಲ್ಲಿ ಪಾದದಿಂದ ಕತ್ತಿನವರೆಗೆ ಎಳೆದು ನೋಡಬೇಕು, ಏಕೆಂದರೆ ಕತ್ತಲೆಯಲ್ಲಿ ಮರಗಟ್ಟಿದ ಬೆರಳುಗಳು ಮಾಡಬೇಕಾದ ಕೆಲಸ ಅದು. ಗೋರ್‌ಟೆಕ್ಸ್ ಕವಚವನ್ನು ಒಳಮಗ್ಗುಲು ಹೊರಗೆ ತಿರುವಿದಾಗ ಹೊಲಿಗೆಗಳ ಮೇಲಿನ ಪಟ್ಟಿ ಎದ್ದಿದ್ದರೆ, ಅಥವಾ ಒಳಗೆ ಒಂದು ಲೋಟ ನೀರು ಸುರಿದು ಎತ್ತಿ ಹಿಡಿದಾಗ ಹೊರಗೆ ತೇವ ಮೂಡಿದರೆ, ಅದಕ್ಕೆ ಕೊಡುವ ಹಣ ದಂಡ.

ಪದರಗಳ ತತ್ತ್ವ ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಕೌದಿ ಬೆಚ್ಚಗಿರುವುದು ಬಟ್ಟೆಯಿಂದಲ್ಲ, ಬಟ್ಟೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯಿಂದ. ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಸ್ಲೀಪಿಂಗ್ ಬ್ಯಾಗಿನ ಪಾಲಿಯೆಸ್ಟರ್ ನಾರಾಗಲಿ, ಹಕ್ಕಿಯ ಮೃದುತುಪ್ಪಳವಾದ ಡೌನ್ ಆಗಲಿ ಮಾಡುವುದು ಈ ಗಾಳಿಯನ್ನು ಹಿಡಿದಿಡುವ ಕೆಲಸವನ್ನೇ. ಆದ್ದರಿಂದ ಎರಡು ಚೀಲಗಳನ್ನು ಸೇರಿಸುವಾಗ ಚಿಕ್ಕದು ಒಳಗೆ, ದೊಡ್ಡದು ಹೊರಗೆ ಇರಬೇಕು. ಹೊರಗಿನದು ಬಿಗಿಯಾದರೆ ಒಳಗಿನದರ ಉಬ್ಬು ಅಮುಕಿ ಹೋಗಿ, ಎರಡರ ಭಾರ ಹೊತ್ತೂ ಒಂದರ ಬೆಚ್ಚನೆಯೇ ಸಿಕ್ಕೀತು. ದಪ್ಪ ಜಾಕೆಟ್ ತೊಟ್ಟು ಇಕ್ಕಟ್ಟಾದ ಚೀಲಕ್ಕೆ ತೂರಿಕೊಳ್ಳುವವರಿಗೆ ಆಗುವುದೂ ಇದೇ. ಡೌನ್ ಒದ್ದೆಯಾದರೆ ಮುದ್ದೆಗಟ್ಟುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಕುಗ್ಗುವುದಿಲ್ಲ. ಪಶ್ಚಿಮಘಟ್ಟದ ಮಂಜಿಗೆ ಎರಡನೆಯದೇ ಮೇಲು.

ಬೆನ್ನ ಕೆಳಗಿನ ತುಂಬಣಿ ಮೈಭಾರಕ್ಕೆ ನಜ್ಜಿಹೋಗುವುದರಿಂದ, ನೆಲದ ಚಳಿಯನ್ನು ಎಷ್ಟೇ ದುಬಾರಿಯ ಚೀಲವೂ ತಡೆಯಲಾರದು. ಅದನ್ನು ತಡೆಯುವುದು ಫೋಮಿನ ಮ್ಯಾಟು. ಹಿಮದ ಮೇಲಾದರೆ ಎರಡು ಮ್ಯಾಟು ಬೇಕು. ಗಾಡಿಯಲ್ಲಿ ಹೋಗಿ ಬೀಡು ಬಿಡುವವರಿಗೆ ಚಳ್ಳಕೆರೆಯ ಕಡೆಯ ಕುರಿಕಂಬಳಿಯೂ ಮ್ಯಾಟಿನ ಮೇಲೆ ಚೆನ್ನಾಗಿ ಒದಗುತ್ತದೆ: ಅದರ ಒರಟು ಉಣ್ಣೆ ಭಾರಕ್ಕೆ ಸುಲಭವಾಗಿ ಮಣಿಯದು. ಮುಖವನ್ನು ಚೀಲದೊಳಗೆ ಎಳೆದುಕೊಂಡು ಉಸಿರಾಡುವುದು ಮಾತ್ರ ಕೂಡದು. ಉಸಿರಿನ ಆವಿ ತುಂಬಣಿಯಲ್ಲಿ ನೀರಾಗಿ, ಎರಡನೆಯ ರಾತ್ರಿ ಮೊದಲನೆಯದಕ್ಕಿಂತ ತಣ್ಣಗಾಗುತ್ತದೆ.

ಹಿಮಾಲಯ ಚಾರಣ ನಡೆಸುವ ಅನೇಕ ಸಂಸ್ಥೆಗಳು ಶಿಬಿರದಲ್ಲಿಯೇ ಸ್ಲೀಪಿಂಗ್ ಬ್ಯಾಗ್ ಕೊಡುವುದರಿಂದ, ವರ್ಷಕ್ಕೊಮ್ಮೆ ಹೊರಡುವವರು ಮೈಗೆ ತಾಗುವ ತೆಳುವಾದ ಒಳಚೀಲವೊಂದನ್ನು ಒಯ್ದರೆ ಸಾಕಾದೀತು. ಸ್ವಂತದ್ದೇ ಬೇಕೆನ್ನುವ ಅತ್ತಿಬೆಲೆಯ ಚಾರಣಿಗರಿಗೆ ಮಿಲಿಟರಿ ಸೆಟ್ಟಿನ ತೆಳು ಚೀಲವೂ ಹೊರಕವಚವೂ ಮೊದಲ ಖರೀದಿಯಾಗಬೇಕು, ದಪ್ಪನೆಯದು ಆಮೇಲಿನ ಮಾತು. ಮನೆಗೆ ತಂದ ಚೀಲವನ್ನು ಅದರ ಪುಟ್ಟ ಸಂಚಿಯಲ್ಲಿ ಒತ್ತಿ ತುರುಕಿ ಬೀರುವಿನ ಮೇಲೆ ಎಸೆಯದೆ, ಬಿಸಿಲಾರಿದ ಗಾಳಿಯಲ್ಲಿ ಒಣಗಿಸಿ, ಹಳೆಯ ಹತ್ತಿ ಬೆಡ್‌ಶೀಟಿನಲ್ಲಿ ಸಡಿಲವಾಗಿ ಗಂಟುಕಟ್ಟಿ ಗೂಟಕ್ಕೆ ನೇತುಹಾಕಿದರೆ, ಮುಂದಿನ ಡಿಸೆಂಬರಿನಲ್ಲಿಯೂ ಅದು ಕೊಡವಿದ ಕೂಡಲೇ ಉಬ್ಬಿಕೊಳ್ಳುತ್ತದೆ.